ದಸರಾಕ್ಕೆ ಮೈಸೂರು ಬಿಟ್ಟು ಬಂದವರು

ಸೆಪ್ಟೆಂಬರ್ 26, 1998, ಶನಿವಾರ

ನಾಳೆ ಬೆಳಿಗ್ಗೆ ವಿಶಾಲಾಕ್ಷಿ, ಪುಟ್ಟತಾಯಿ ಬರುತ್ತಾರೆ. ಒಂದು ವಾರ ಇರುತ್ತಾರೆ. ಮೈಸೂರಿನಲ್ಲಿ ಟಿಸಿಎಚ್ ಓದುವಾಗ ಮೂವರೂ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೆವು. ಅವರಿಬ್ಬರಿಗೂ ಅಲ್ಲೇ ಸ್ಕೂಲು ಸಿಕ್ಕಿತು. ನಾನು ಮದುವೆಯಾಗಿ ದಾವಣಗೆರೆಗೆ ಬಂದು ಇಲ್ಲಿ ಟೀಚರಾದೆ. ಹೋದ ವರ್ಷ ನನ್ನ ಮಗಳು ಸ್ನೇಹಾಳ ಮದುವೆಗೆ ಇಬ್ಬರಿಗೂ ಬರಲಾಗಲಿಲ್ಲ. ಬೇಸಿಗೆಯಲ್ಲಿ ಫೋನ್ ಮಾಡಿದಾಗ, ‘ದಸರಾ ರಜೆಗಾದರೂ ಬರ್ರೇ’ ಅಂದುಬಿಟ್ಟೆ.

ಆಗ ನನಗೆ ವರ್ಗವಾಗಿರಲಿಲ್ಲ. ಜುಲೈನಲ್ಲಿ ಗುತ್ತೂರಿಗೆ ಹಾಕಿದರು. ಹರಿಹರದವರೆಗೆ ಬಸ್ಸಿಗೇನೂ ಬರವಿಲ್ಲ. ಆದರೆ ಅತ್ತೆಯ ಪೂಜೆಗೆ ಅಣಿಮಾಡಿ, ತಿಂಡಿ ಮಾಡಿ, ಇವರ ಊಟದ ಕ್ಯಾರಿಯರ್ ಕಟ್ಟಿ ನಾನು ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಬಸ್ಸಿನ ಬಾಗಿಲಲ್ಲಿ ಜನ ಜೋತಾಡುತ್ತಿರುತ್ತಾರೆ. ಹರಿಹರದಿಂದ ಗುತ್ತೂರಿಗೆ ಸಿಕ್ಕಿದ್ದೇ ಗಾಡಿ, ಇಲ್ಲವಾದರೆ ಕಾಲೇ ಗತಿ. ಪ್ರಾರ್ಥನೆ ಮುಗಿದ ಮೇಲೆ ಗೇಟು ದಾಟುವುದು ಮಾಮೂಲಾಯಿತು. ಹೆಡ್‌ಮಾಸ್ಟರ್ ಉಜ್ಜನಪ್ಪನವರು ಒಳ್ಳೆಯವರು. ಅವರೂ ಹೋದ ತಿಂಗಳು, ‘ಮೇಡಂ, ಇನ್ನೊಂದ್ಸಲ ಹಿಂಗಾದ್ರೆ ನಾನು ಮೇಲಕ್ಕೆ ಬರೀಬೇಕಾಗ್ತೈತೆ’ ಅಂದರು.

ಮನೆಯಲ್ಲಿ ಇವರು ಹೇಳುವುದೂ ಸರಿಯೇ. ‘ಇಷ್ಟು ವರ್ಷ ದುಡಿದೀ. ನಮಗೇನು ಕಡಿಮಿ ಆಗೈತೆ? ರಜೆ ಮುಗಿದ ಕೂಡ್ಲೇ ರಾಜೀನಾಮೆ ಕೊಟ್ಟು ಮನ್ಯಾಗಿರು.’ ನಾನು ಹ್ಞೂಂ ಅಂದಿದ್ದೇನೆ. ಉಜ್ಜನಪ್ಪನವರ ಕಿವಿಗೂ ಹಾಕಿದ್ದೇನೆ. ಗೆಳತಿಯರಿಗೆ ಇದನ್ನೆಲ್ಲ ಹೇಳುವುದಿಲ್ಲ. ನಗುತ್ತ ಬಂದವರು ನಗುತ್ತ ಹೋಗಲಿ.

ಬಚ್ಚಲ ಚಿಲಕ ರಿಪೇರಿ ಆಗಿಲ್ಲ. ಅವರನ್ನು ಒಂದು ದಿನ ಹರಿಹರಕ್ಕೆ ಕರೆದುಕೊಂಡು ಹೋಗಬಹುದಾ ಅಂತ ಇವರನ್ನು ಕೇಳಬೇಕು. ಹೋಟೆಲಿಗೆ ಹೋಗಬಹುದಾ ಅಂತ ಅತ್ತೆಯನ್ನು ಕೇಳಬೇಕು.

ಸೆಪ್ಟೆಂಬರ್ 27, ಭಾನುವಾರ

ಬಂದರು! ಪುಟ್ಟತಾಯಿ ರೈಲಿನ ಬಾಗಿಲಲ್ಲೇ ‘ದಾಕ್ಷೀ’ ಅಂತ ಕೂಗಿ, ಬುಟ್ಟಿ ಸಮೇತ ನನ್ನ ಮೇಲೆ ಬಿದ್ದಳು. ಬುಟ್ಟಿಯ ತುಂಬಾ ನಂಜನಗೂಡು ರಸಬಾಳೆ, ಅರ್ಧ ಜಜ್ಜಿಹೋಗಿತ್ತು. ವಿಶಾಲು ಹಿಂದಿನ ಹಾಗೇ, ಉದ್ದಕ್ಕೆ ಕೊಡೆಯ ಕೋಲಿನಂತೆ. ನೌಕರಿಗೆ ಸೇರಿದ ದಿನದಿಂದ ಮಕ್ಕಳನ್ನು ಗದರಿಸಿ ಗದರಿಸಿ ಅವಳ ದನಿ ಇಡೀ ಪ್ಲಾಟ್‌ಫಾರಮ್ಮಿಗೆ ಕೇಳುವಷ್ಟಾಗಿದೆ.

ಅತ್ತೆ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರು. ‘ದೇಶದ ಜನ ಎಲ್ಲ ದಸರಾ ನೋಡಾಕ ಮೈಸೂರಿಗೆ ಹೋಗ್ತಾರೆ. ನೀವು ಮೈಸೂರು ಬಿಟ್ಟು ಇಲ್ಲಿಗೆ ಯಾಕ ಬಂದ್ರಿ?’

ವಿಶಾಲು ಚಪ್ಪಲಿ ಬಿಡುತ್ತಲೇ ಹೇಳಿದಳು: ‘ಅದಕ್ಕೇ ಕಣಮ್ಮಾ! ದಸರಾ ಬಂತೂಂದ್ರೆ ನಮ್ಮನೆ ಛತ್ರ. ನೆಂಟರು, ನೆಂಟರ ನೆಂಟರು. ಈ ಸಲ ಯಜಮಾನರ ಕೈಗೆ ಸೌಟು ಕೊಟ್ಟು ಓಡಿಬಂದಿದೀನಿ.’

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಅವರು ನಕ್ಕಿದ್ದು ನನಗೆ ಗೊತ್ತಾಯಿತು. ‘ಒಳಾಗ ಬರ್ರಿ, ಕೂಡ್ರಿ’ ಅಂದರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಪುಟ್ಟತಾಯಿ ರೊಟ್ಟಿ ತಟ್ಟಲು ಕೂತು ಭಾರತದ ನಕ್ಷೆ ಮಾಡಿದಳು. ಸಂಜೆ ಹಿತ್ತಲಲ್ಲಿ ತಾಡಪಾಲು ಹೊದ್ದು ನಿಂತಿದ್ದ ಮೊಪೆಡ್ಡನ್ನು ವಿಶಾಲು ನೋಡಿದಳು. ಸ್ನೇಹಾಳದ್ದು, ಅವಳು ಕಾಲೇಜಿಗೆ ಓಡಿಸುತ್ತಿದ್ದದ್ದು. ಅವಳು ಗಂಡನ ಮನೆಗೆ ಹುಬ್ಬಳ್ಳಿಗೆ ಹೋದಮೇಲೆ ಯಾರೂ ಮುಟ್ಟಿಲ್ಲ. ‘ನಾನೂ ಇಂಥದ್ದರಲ್ಲೇ ಸ್ಕೂಲಿಗೆ ಹೋಗೋದು’ ಅಂದಳು.

ರಾತ್ರಿ ಚಿಲಕವಿಲ್ಲದ ಬಚ್ಚಲಿಗೆ ಒಬ್ಬರು ಹೋದರೆ ಇನ್ನೊಬ್ಬರು ಹೊರಗೆ ಹಾಡು ಹೇಳುತ್ತ ಕಾವಲು. ಹಾಸ್ಟೆಲ್ ನೆನಪಾಯಿತು.

ಸೆಪ್ಟೆಂಬರ್ 28, ಸೋಮವಾರ

ಬೆಣ್ಣೆ ದೋಸೆ ತಿನ್ನಿಸಲು ಕರೆದುಕೊಂಡು ಹೋದೆ. ಹೋಗಲಾ ಅಂತ ನಾನು ಅತ್ತೆಯನ್ನು ಕೇಳುವ ಮೊದಲೇ ಪುಟ್ಟತಾಯಿ, ‘ನೀವೂ ಬನ್ನಿ ಅಮ್ಮಾ, ನೀವಿಲ್ಲದೆ ನಾವು ಹೋಗಲ್ಲ’ ಅಂತ ಅವರ ಕೈ ಹಿಡಿದು ಎಬ್ಬಿಸಿಬಿಟ್ಟಳು. ಅತ್ತೆ ಹೋಟೆಲಿನ ಮೆಟ್ಟಿಲು ಹತ್ತಿದ್ದನ್ನು ನಾನು ಇದೇ ಮೊದಲು ನೋಡಿದ್ದು. ಮೊದಲು ಗೋಡೆಗೆ ಮುಖ ಮಾಡಿ ಕೂತರು. ದೋಸೆ ಬಂದಮೇಲೆ ತಿರುಗಿ ಕೂತರು. ಕೊನೆಗೆ ಸಪ್ಲೈಯರನ್ನು ಕರೆದು, ‘ಏನಪಾ, ಬೆಣ್ಣೆ ದೋಸಿ ಅಂತೀರಿ, ಬೆಣ್ಣೆ ಎಲ್ಲೈತೆ?’ ಅಂತ ಇನ್ನೊಂದು ಉಂಡೆ ಹಾಕಿಸಿಕೊಂಡರು.

ಬರುವಾಗ ಅಂಗಡಿ ಮುಂದೆ ನಿಂತು ಖಾರ ಮಂಡಕ್ಕಿ ಕಟ್ಟಿಸಿಕೊಂಡೆವು. ಅಲ್ಲೇ ಅತ್ತೆ ಮಾತಿನ ಭರದಲ್ಲಿ ಹೇಳಿಬಿಟ್ಟರು: ‘ಇನ್ನು ಇಕಿಗೂ ಆರಾಮ. ನೌಕರಿ ಬಿಡ್ತಾಳೆ ನೋಡ್ರಿ.’

ಇಬ್ಬರೂ ನನ್ನ ಮುಖ ನೋಡಿದರು. ಮನೆಗೆ ಬಂದು ಅಟ್ಟದ ಮೇಲೆ ಕೂರಿಸಿಕೊಂಡು ಎಲ್ಲ ಕೇಳಿದರು. ಹೇಳಬೇಕಾಯಿತು. ಪುಟ್ಟತಾಯಿ ಕಣ್ಣಲ್ಲಿ ನೀರು. ವಿಶಾಲು ಮಾತ್ರ ಮಂಡಕ್ಕಿ ಮುಕ್ಕುತ್ತಲೇ ಇದ್ದಳು. ಆಮೇಲೆ ಅಂದಳು: ‘ನಿಂಗೆ ಪಾಠ ಮಾಡಿ ಸಾಕಾಗಿದ್ರೆ ಬಿಡು ಕಣೇ, ನಾನು ಬೇಡ ಅನ್ನಲ್ಲ. ಸಾಕಾಗಿದೆಯಾ?’

ಗುತ್ತೂರಿನ ಎರಡನೇ ಕ್ಲಾಸಿನ ಮಕ್ಕಳು ಕಾಗುಣಿತವನ್ನು ಹಾಡಿನ ಹಾಗೆ ಹೇಳುತ್ತಾರೆ. ಆ ರಾಗ ನಾನೇ ಹಾಕಿದ್ದು.

‘ಸಾಕಾಗಿಲ್ಲ’ ಅಂದೆ.

‘ಮತ್ತೆ? ಬಸ್ಸಿಗೋಸ್ಕರ ಯಾರಾದ್ರೂ ನೌಕರಿ ಬಿಡ್ತಾರಾ? ಹಿತ್ತಲಲ್ಲಿ ಗಾಡಿ ಇಟ್ಕೊಂಡು!’

ಹುಚ್ಚಿ. ನನಗೆ ನಲವತ್ತೆರಡು. ಇವರು ಏನಂದಾರು!

ಸೆಪ್ಟೆಂಬರ್ 29, ಮಂಗಳವಾರ

ಇವರು ಅಂಗಡಿಗೆ ಹೋದ ಕೂಡಲೇ ವಿಶಾಲು ಮೊಪೆಡ್ಡನ್ನು ತಳ್ಳಿಕೊಂಡು ಓಣಿಯ ತುದಿಯ ಮಸ್ತಾನಸಾಬರ ಗ್ಯಾರೇಜಿಗೆ ಹೊರಟೇಬಿಟ್ಟಳು. ನಾವಿಬ್ಬರೂ ಹಿಂದೆ. ಮಸ್ತಾನಸಾಬ್ ಟ್ಯಾಂಕಿನೊಳಗೆ ಇಣುಕಿ, ‘ಏನ್ರೀ ಅಕ್ಕಾರೇ, ಇದರಾಗೆ ಜೇಡ ಸಂಸಾರ ಹೂಡೈತೆ’ ಅಂದರು. ಮಧ್ಯಾಹ್ನದೊಳಗೆ ಪ್ಲಗ್ಗು, ಟ್ಯೂಬು, ಕೇಬಲ್ಲು ಎಲ್ಲ ಹೊಸದು ಹಾಕಿ ಕೊಟ್ಟರು. ಅಷ್ಟರಲ್ಲಿ ವಿಶಾಲು ನನ್ನನ್ನು ಆರ್‌ಟಿಓ ಆಫೀಸಿಗೆ ಎಳೆದುಕೊಂಡು ಹೋಗಿ ಎಲ್‌ಎಲ್‌ಆರ್ ಮಾಡಿಸಿದಳು. ‘ಟೀಚರಾಗಿ ಕಾನೂನು ಮುರೀಬಾರ್ದು’ ಅಂತ ಕೆಂಪು ಪೇಂಟಿನಲ್ಲಿ ಹಿಂದೆ ಮುಂದೆ ‘ಎಲ್’ ಬರೆಸಿದಳು.

ಅತ್ತೆ ಅದನ್ನು ನೋಡಿ, ‘ಇದೇನು, ದೃಷ್ಟಿ ಆಗಬಾರ್ದು ಅಂತಾನಾ?’ ಅಂದರು.

ಸಂಜೆ ಹೈಸ್ಕೂಲ್ ಮೈದಾನದಲ್ಲಿ ಮೊದಲ ಪಾಠ. ಭಾನುವಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಕಾಲುವೆ ಏರಿಯ ಮೇಲೆ ಅಣ್ಣನ ಸೈಕಲ್ ತುಳಿಯುತ್ತಿದ್ದೆ. ದೊಡ್ಡವಳಾದಮೇಲೆ ಅಪ್ಪ ಬಿಡಿಸಿದರು. ಆ ಕಾಲು ಇನ್ನೂ ಮರೆತಿಲ್ಲ. ಬ್ಯಾಲೆನ್ಸ್ ಬಂತು. ಆದರೆ ಎಕ್ಸಲೇಟರ್ ತಿರುವಿದ ಕೂಡಲೇ ಗಾಡಿ ಹೋರಿಯಂತೆ ನೆಗೆಯುತ್ತದೆ. ‘ಬ್ರೇಕ್! ಬ್ರೇಕ್ ಕಣೇ!’ ಅಂತ ವಿಶಾಲು ಹಿಂದೆ ಓಡಿದರೆ, ಪುಟ್ಟತಾಯಿ ಬದಿಯಲ್ಲಿ ಕೂತು ದೇವರ ನಾಮ ಹೇಳುತ್ತಿದ್ದಳು. ಕ್ರಿಕೆಟ್ ಆಡುತ್ತಿದ್ದ ಹುಡುಗರು ವಿಕೆಟ್ ಕಿತ್ತುಕೊಂಡು ಜಾಗ ಖಾಲಿ ಮಾಡಿದರು.

ಗಂಟಲು ನೋಯುತ್ತಿದೆ. ನಕ್ಕು ನಕ್ಕು ಇರಬೇಕು. ಇವರಿಗೆ ಇನ್ನೂ ಹೇಳಿಲ್ಲ.

ಸೆಪ್ಟೆಂಬರ್ 30, ಬುಧವಾರ

ಮೊಣಕೈ ತರಚಿದೆ. ಆಯುಧಪೂಜೆಗೆ ಹೂವು ತರಲು ನಾನೂ ವಿಶಾಲುವೂ ಗಾಡಿಯಲ್ಲಿ ಹೋದೆವು. ಹೋಗಬಾರದಿತ್ತು. ಬಜಾರದ ತಿರುವಿನಲ್ಲಿ ಒಂದು ಎತ್ತಿನ ಗಾಡಿ ಅಡ್ಡ ಬಂತು. ನಾನು ಬ್ರೇಕಿನ ಬದಲು ಎಕ್ಸಲೇಟರ್ ತಿರುವಿದೆ. ಇಬ್ಬರೂ ಗಾಡಿ ಸಮೇತ ಚೆಂಡುಹೂವಿನ ಗುಡ್ಡೆಯೊಳಗೆ. ನನ್ನ ಮೊಣಕೈ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಹೂವಿನ ಖತೀಜಾಬೀ ಬಯ್ಯುತ್ತಾರೆ ಅಂದುಕೊಂಡರೆ, ನನ್ನ ಜಡೆಯಿಂದ ಹೂವು ಬಿಡಿಸುತ್ತ, ‘ಯವ್ವಾ, ಗಾಡಿಗೆ ಹೂವು ಹಾಕ್ತಾರೆ, ಹೂವಿಗೆ ಗಾಡಿ ಹಾಕಿದೋಳು ನೀನೇ ನೋಡು’ ಅಂದು ತಾವೇ ನಕ್ಕರು. ಹಾಳಾದ ಹೂವನ್ನೆಲ್ಲ ನಾವೇ ಕೊಂಡೆವು.

ಬಜಾರವೆಲ್ಲ ನೋಡಿತು. ಚೌಕಿಪೇಟೆಯ ನಮ್ಮ ಕಿರಾಣಿ ಅಂಗಡಿಗೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಇವರು ಪೂಜೆ ಮುಗಿಸಿ ಮನೆಗೆ ಬಂದವರು ನನ್ನ ಮೊಣಕೈ ನೋಡಿದರು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ, ‘ಸಾಕು. ಗಾಡಿ ನಾಳೆ ಮಾರಿಬಿಡ್ತೀನಿ’ ಅಂದರು.

ವಿಶಾಲು ಬಾಯಿ ತೆರೆದಳು. ಅವಳಿಗಿಂತ ಮೊದಲು ನನ್ನ ಬಾಯಿಂದ ಬಂತು: ‘ಅದು ಸ್ನೇಹಾಂದು. ಮಾರೋದು ಬ್ಯಾಡ್ರಿ. ನಾನು ನೌಕರಿ ಬಿಡೋದಿಲ್ಲ.’

ಇವರು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಇಷ್ಟು ಚೆಂದದ ಹಬ್ಬ ಹಾಳುಮಾಡಿದೆ. ಗೆಳತಿಯರು ಏನಂದುಕೊಂಡರೋ.

ಅಕ್ಟೋಬರ್ 1, ಗುರುವಾರ

ವಿಜಯದಶಮಿ. ಹೋಳಿಗೆ ಮಾಡಿದೆವು. ಇವರು ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ.

ಸಂಜೆ ಬನ್ನಿ ಹಂಚುವಾಗ ಪುಟ್ಟತಾಯಿಗೆ ಅಚ್ಚರಿಯೋ ಅಚ್ಚರಿ. ಅವರ ಕಡೆ ಹೀಗೆ ಮನೆಮನೆಗೆ ಹೋಗಿ ಎಲೆ ಕೊಡುವುದಿಲ್ಲವಂತೆ. ‘ಬನ್ನಿ ತಗೊಂಡು ಬಂಗಾರದಂಗಿರೋಣ’ ಅನ್ನುವುದನ್ನು ಕಲಿತು ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೊಟ್ಟಳು, ಮಸ್ತಾನಸಾಬರಿಗೂ ಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಗಾಡಿ ಹೆಂಗೈತ್ರಿ?’ ಅಂತ ಕೇಳಿದರು.

ನಾನು ಅತ್ತೆಗೆ ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಅವರು ನನ್ನ ಕೈ ಬಿಡದೆ ಹಿತ್ತಲ ಕಡೆ ನೋಡಿ ಮಗನನ್ನು ಕೂಗಿದರು. ‘ಕೊಟ್ಟೂರೇಶಾ, ನಿನ್ನೆ ನಿನ್ನ ಸ್ಕೂಟರ್ ಪೂಜಿ ಆತು, ತಕ್ಕಡಿ ಪೂಜಿ ಆತು. ಈ ಸಣ್ಣ ಗಾಡಿ ಏನು ಪಾಪ ಮಾಡೈತೆ? ಒಂದು ನಿಂಬೆಹಣ್ಣು ತಗೊಂಡು ಬಾ.’

ಇವರು ನಿಂಬೆಹಣ್ಣು ತಂದರು. ಗಾಲಿಯ ಕೆಳಗೆ ಇಡುವಾಗ ಹಿಂದಿನ ಬ್ರೇಕ್ ಒತ್ತಿ ನೋಡಿ, ‘ಇದು ಸಡಿಲೈತೆ’ ಅಂದರು. ನನಗೆ ಹೇಳಿದ್ದೋ, ಗಾಡಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಬನ್ನಿ ಎಲೆಯನ್ನು ನನ್ನ ಕೈಯಲ್ಲಿಟ್ಟು ಹೊರಗೆ ಹೋದರು.

ಅಕ್ಟೋಬರ್ 2, ಶುಕ್ರವಾರ

ಬ್ರೇಕ್ ಬಿಗಿಯಾಗಿದೆ. ಮೈದಾನದಲ್ಲಿ ಎಂಟು ಹಾಕಿದೆ. ಕಾಲು ಊರಲಿಲ್ಲ!

ಅಕ್ಟೋಬರ್ 3, ಶನಿವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಬೆಳಿಗ್ಗೆ ಇವರಿಗೆ, ‘ನಾವು ಹರಿಹರಕ್ಕೆ ಹೊರಟ್ವಿ. ನಾನು, ವಿಶಾಲು ಗಾಡೀಲಿ. ಅತ್ತಿ, ಪುಟ್ಟತಾಯಿ ಬಸ್ಸಿಗೆ’ ಅಂದೆ. ‘ಹ್ಞೂಂ’ ಅಂದರು, ಪೇಪರಿನಿಂದ ಮುಖ ಎತ್ತದೆ.

ಊರು ದಾಟುವವರೆಗೆ ಲಾರಿ ಹಾರ್ನ್ ಮಾಡಿದರೆ ನಾನು ರಸ್ತೆ ಬಿಟ್ಟು ಮಣ್ಣಿಗಿಳಿಯುತ್ತಿದ್ದೆ. ‘ರಸ್ತೆ ಅವರಪ್ಪಂದಲ್ಲ, ಎಡಕ್ಕೆ ಇರು, ನೇರ ಹೋಗು’ ಅಂತ ವಿಶಾಲು ಹಿಂದಿನಿಂದ ಭುಜ ಹಿಡಿದು ಹೇಳುತ್ತಲೇ ಇದ್ದಳು. ಆಮೇಲೆ ಯಾವಾಗಲೋ ಅವಳು ಸುಮ್ಮನಾದಳು. ಎರಡೂ ಕಡೆ ಭತ್ತದ ಗದ್ದೆ, ತಣ್ಣನೆ ಗಾಳಿ ಮುಖಕ್ಕೆ. ಜುಲೈನಿಂದ ದಿನಾ ಇದೇ ರಸ್ತೆಯಲ್ಲಿ ಹೋಗಿದ್ದೇನೆ, ಯಾರದೋ ಬೆನ್ನು ಬಿಟ್ಟರೆ ಏನನ್ನೂ ನೋಡಿರಲಿಲ್ಲ. ವಿಶಾಲು ಹಾಡತೊಡಗಿದಳು. ನಾನೂ ಸೇರಿಕೊಂಡೆ. ಎದುರಿಗೆ ಬಂದ ಟ್ರ್ಯಾಕ್ಟರಿನವನು ಬೆರಗಾಗಿ ಹಾರ್ನ್ ಒತ್ತಿದ. ನಾನು ಮಣ್ಣಿಗಿಳಿಯಲಿಲ್ಲ.

ಹರಿಹರದಲ್ಲಿ ಹೊಳೆ ಹತ್ತಿರ ಕಬ್ಬಿನ ಹಾಲು ಕುಡಿಯಲು ನಿಲ್ಲಿಸಿದೆವು. ನೋಡಿದರೆ ನಮ್ಮ ಹಿಂದೆಯೇ ಇವರು! ಬಜಾಜ್ ಸ್ಕೂಟರ್ ಮೇಲೆ ಕೂತು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾರೆ.

‘ನೀವ್ಯಾಕ್ರೀ ಇಲ್ಲಿ?’

‘ನನಗೂ ಹರಿಹರದಾಗೆ ಕೆಲ್ಸ ಇತ್ತು.’

ವಿಶಾಲು ಬಿಡಬೇಕಲ್ಲ. ‘ಏನು ಕೆಲಸ ಭಾವಾ?’

ಇವರು ಕಬ್ಬಿನ ಗಾಣವನ್ನೇ ನೋಡುತ್ತ ಅಂದರು: ‘ಸ್ವಲ್ಪ ಜೋರಾಗಿ ಹೊಡೀಬಾರ್ದಾ? ನಿಮ್ಮ ಹಿಂದೆ ಬಂದು ಬಂದು ನನ್ನ ಸ್ಕೂಟರ್ ಎರಡು ಸಲ ಆಫ್ ಆತು.’

ನಾವಿಬ್ಬರೂ ನಕ್ಕ ನಗುವಿಗೆ ಅಂಗಡಿಯವನ ಕೈಯಿಂದ ಗ್ಲಾಸು ಜಾರಿತು. ಇವರೂ ನಕ್ಕರು. ಮೂರು ದಿನದ ಮೇಲೆ.

ಬಸ್ಸಿನವರೂ ಬಂದು ಸೇರಿದರು. ಹರಿಹರೇಶ್ವರನ ದರ್ಶನ ಮಾಡಿದೆವು. ಪುಟ್ಟತಾಯಿ ದೇವರ ಅರ್ಧ ಶಿವ, ಅರ್ಧ ವಿಷ್ಣು ನೋಡಿ, ‘ಒಂದೇ ಪ್ರದಕ್ಷಿಣೇಲಿ ಇಬ್ಬರದ್ದೂ ಆಯ್ತು, ಅನುಕೂಲ’ ಅಂದಳು. ಹೊಳೆಯಲ್ಲಿ ನೀರು ತುಂಬಿತ್ತು. ಎಲ್ಲರೂ ಮೆಟ್ಟಿಲ ಮೇಲೆ ಕೂತು ಮಿರ್ಚಿ ಮಂಡಕ್ಕಿ ತಿಂದೆವು. ಅತ್ತೆ ಕಾಲು ನೀರಿಗೆ ಬಿಟ್ಟುಕೊಂಡು ಕೂತವರು ಏಳಲು ಒಪ್ಪಲಿಲ್ಲ. ಪುಟ್ಟತಾಯಿಯನ್ನು ಅವರ ಜೊತೆ ಬಿಟ್ಟು, ನಾನು ವಿಶಾಲುಗೆ ನನ್ನ ಸ್ಕೂಲು ತೋರಿಸಲು ಗುತ್ತೂರಿಗೆ ಹೊರಟೆ. ಇವರೂ ಹಿಂದೆ ಬಂದರು.

ಗೇಟಿಗೆ ಬೀಗ. ಕಿಟಕಿಯಿಂದ ಇಣುಕಿದೆವು. ಗೋಡೆಯ ಮೇಲೆ ನಾನು ಬಣ್ಣದ ಸೀಮೆಸುಣ್ಣದಲ್ಲಿ ಬರೆದ ಪ್ರಾಣಿಗಳು ಇನ್ನೂ ಇದ್ದವು. ಇವರು ಸುಮಾರು ಹೊತ್ತು ನೋಡಿ, ‘ಆ ಆನಿ ನೀನೇ ಬರೆದದ್ದಾ?’ ಅಂದರು. ‘ಎಷ್ಟು ಹುಡ್ರು ಕೂಡ್ತಾರೆ ಇಲ್ಲಿ?’ ಅಂದರು. ನನ್ನ ಸ್ಕೂಲಿನ ಬಗ್ಗೆ ಇವರು ಹೀಗೆ ಕೇಳಿದ್ದು ನೆನಪಿಲ್ಲ.

ಅಷ್ಟರಲ್ಲಿ ಎದುರು ಮನೆಯ ಕಾಳವ್ವ ಸೊಪ್ಪಿನ ಬುಟ್ಟಿ ಇಳಿಸಿ ಬಂದಳು. ಅವಳ ಮಗಳು ನನ್ನ ಕ್ಲಾಸಿನಲ್ಲಿದ್ದಾಳೆ. ‘ಟೀಚರ್ರೇ, ನೀವು ಬಿಡ್ತೀರಂತಲ್ರಿ? ಬ್ಯಾಡ್ರಿ ನಮ್ಮವ್ವ. ನಮ್ಮ ಹುಡುಗಿ ಮೊದಲು ಸಾಲಿ ಅಂದ್ರೆ ಕಂಬ ಹಿಡ್ಕೊಂಡು ಅಳ್ತಿತ್ತು. ಈಗ ರಜಾ ಯಾವಾಗ ಮುಗಿತೈತೆ ಅಂತ ದಿನಾ ಕೇಳ್ತೈತೆ.’

ನಾನು ಬಾಯಿ ತೆರೆಯುವ ಮೊದಲು ಇವರು ಹೇಳಿದರು: ‘ಬಿಡಂಗಿಲ್ಲ ತಗಾ. ಸೋಮವಾರ ಬರ್ತಾರೆ.’

ವಾಪಸು ಬರುವಾಗ ಇವರು ಮುಂದೆ ಹೋದರು, ಮೆಲ್ಲಗೆ. ಊರು ಹತ್ತಿರ ಬಂದಾಗ ನಾನು ದಾಟಿಕೊಂಡು ಮುಂದೆ ಹೋದೆ.

ಅಕ್ಟೋಬರ್ 4, ಭಾನುವಾರ

ಹೋದರು. ಮನೆ ಭಣಭಣ.

ಸ್ಟೇಷನ್ನಿನಲ್ಲಿ ಪುಟ್ಟತಾಯಿ ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಅವಳ ಬುಟ್ಟಿಯಲ್ಲಿ ಈಗ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಅತ್ತೆ ಸುಟ್ಟುಕೊಟ್ಟ ಖಡಕ್ ರೊಟ್ಟಿ. ಅಂಗಡಿಯಿಂದ ಬಂದ ಇವರು ಬೆಲ್ಲದ ಪೆಂಟೆಯನ್ನೂ ಅದರಲ್ಲಿ ತುರುಕಿದರು. ವಿಶಾಲು ಅಳಲಿಲ್ಲ. ರೈಲು ಹೊರಟಮೇಲೂ ಕಿಟಕಿಯಲ್ಲಿ ತಲೆ ಹಾಕಿ, ‘ತಿರುವಿನಲ್ಲಿ ಹಾರ್ನ್! ಹಾರ್ನ್ ಮರೀಬೇಡ!’ ಅಂತ ಕೂಗುತ್ತಲೇ ಇದ್ದಳು. ಇಡೀ ಪ್ಲಾಟ್‌ಫಾರಮ್ಮು ತಿರುಗಿ ನನ್ನನ್ನು ನೋಡಿತು. ನೋಡಲಿ.

ಮುಂದಿನ ಬೇಸಿಗೆಗೆ ನಾವು ಮೈಸೂರಿಗೆ ಹೋಗುವುದಂತೆ. ಅತ್ತೆಯೂ ಬರುತ್ತಾರಂತೆ. ಅವರೇ ಹೇಳಿದರು.

ಅಕ್ಟೋಬರ್ 5, ಸೋಮವಾರ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅತ್ತೆ ಆಗಲೇ ರೊಟ್ಟಿ ತಟ್ಟುತ್ತ ಕೂತಿದ್ದರು. ‘ನಾನೇನು ಕೈ ಮುರ್ಕೊಂಡೀನಾ? ನೀ ಹೊಂಡು’ ಅಂದರು. ಕ್ಯಾರಿಯರ್ ಇವರೇ ಕಟ್ಟಿಕೊಂಡರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ; ಸಂಜೆ ನೋಡಿದರೆ ಅಂಗಿಯ ಮೇಲೆಲ್ಲ ಸಾರಿನ ಕಲೆ.

ನಾನು ಮುಟ್ಟಿದಾಗ ಸ್ಕೂಲಿನ ಬೀಗ ಇನ್ನೂ ತೆಗೆದಿರಲಿಲ್ಲ. ಉಜ್ಜನಪ್ಪನವರು ಸೈಕಲ್ ಇಳಿದು, ನನ್ನನ್ನೂ ಗಾಡಿಯನ್ನೂ ಒಂದು ಸುತ್ತು ನೋಡಿ, ಬೀಗದ ಕೈ ನನ್ನ ಕೈಗೇ ಕೊಟ್ಟರು. ‘ನಾಳಿಂದ ನೀವೇ ತೆಗೀರಿ ಮೇಡಂ’ ಅಂದರು. ಕಾಳವ್ವನ ಮಗಳು ಗಾಡಿಯ ಹಾರ್ನ್ ಒತ್ತಿದಳು. ಆಮೇಲೆ ಎರಡನೇ ಕ್ಲಾಸಿನವರೆಲ್ಲ ಒಬ್ಬೊಬ್ಬರಾಗಿ ಒತ್ತಬೇಕಾಯಿತು. ಪ್ರಾರ್ಥನೆ ಸ್ವಲ್ಪ ತಡವಾಯಿತು.

ಸಂಜೆ ಚಹಾ ಕುಡಿಯುವಾಗ ಅತ್ತೆ ಇದ್ದಕ್ಕಿದ್ದಂತೆ ಹದಡಿಯಲ್ಲಿರುವ ತಮ್ಮ ತಂಗಿಯ ಸುದ್ದಿ ತೆಗೆದರು. ನೋಡಿ ಬಹಳ ದಿನವಾಯಿತಂತೆ, ಮಂಡಿ ನೋವಂತೆ. ಇವರು, ‘ಭಾನುವಾರ ಸ್ಕೂಟರ್ ಮ್ಯಾಲೆ ನಾನು ಕರ್ಕೊಂಡು ಹೋಗ್ತೀನಿ ತಗಾ ಅವ್ವಾ’ ಅಂದರು.

‘ನಿನ್ನ ಹಿಂದೆ ಬ್ಯಾಡಪ್ಪಾ. ನೀನು ಜೋರು ಹೊಡೀತೀ’ ಅಂದರು ಅತ್ತೆ. ‘ನಾನು ದಾಕ್ಷಾಯಣಿ ಹಿಂದೆ ಕೂಡ್ತೀನಿ.’

ಭಾನುವಾರ ಹದಡಿ. ಶನಿವಾರವೇ ಪೆಟ್ರೋಲ್ ಹಾಕಿಸಿಡಬೇಕು.